ಮಕ್ಕಳ ಜೊತೆ ಮಳೆಮಾಪಕ: ಮಿಲಿಮೀಟರ್ ಲೆಕ್ಕ ಬಿಡಿಸಿಕೊಂಡ ಬಗೆ

ಬಾಟಲಿ ಕತ್ತರಿಸಿ ಮಳೆಮಾಪಕ ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಮಗು ಕೇಳುವ ಮೊದಲ ಪ್ರಶ್ನೆಗೇ ನಾವು ತಡವರಿಸುತ್ತೇವೆ: "ಬಾಟಲಿ ಬದಲು ದೊಡ್ಡ ಬಕೆಟ್ ಇಟ್ಟರೆ ಜಾಸ್ತಿ ಮಳೆ ಸಿಗುತ್ತೆ ಅಲ್ವಾ?" ಅಲ್ಲಿಂದಲೇ ಶುರು ಮಾಡೋಣ.

ನೀರು ಜಾಸ್ತಿ ಸಿಗುತ್ತದೆ, ನಿಜ. ಆದರೆ ಆ ನೀರು ಅಷ್ಟೇ ಜಾಸ್ತಿ ಜಾಗದಲ್ಲಿ ಹರಡಿಕೊಳ್ಳುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ. ಅಗಲವಾದ ಒಂದು ಡಬ್ಬಿ, ಕಿರಿದಾದ ಒಂದು ಲೋಟ ತಗೊಳ್ಳಿ. ಎರಡರ ಬದಿಯೂ ನೇರವಾಗಿರಲಿ, ತಳ ಸಮತಟ್ಟಾಗಿರಲಿ. ಎರಡನ್ನೂ ಮಳೆಯಲ್ಲಿ ಅಕ್ಕಪಕ್ಕ ಇಡಿ. ಮಳೆ ನಿಂತ ಮೇಲೆ ಮಗುವಿನ ಕೈಯಲ್ಲೇ ಸ್ಕೇಲ್ ಇಳಿಸಿ ನೋಡಿಸಿ. ಎತ್ತರ ಹೆಚ್ಚು ಕಡಿಮೆ ಒಂದೇ ಇರುತ್ತದೆ.

ಮಳೆಯನ್ನು ಲೀಟರ್‌ನಲ್ಲಿ ಹೇಳದೆ ಮಿಲಿಮೀಟರ್‌ನಲ್ಲಿ ಹೇಳುವುದು ಇದಕ್ಕೇ. 10 ಮಿ.ಮೀ. ಮಳೆ ಅಂದರೆ, ಬಿದ್ದ ನೀರು ಹರಿಯದೆ, ಇಂಗದೆ, ಆವಿಯಾಗದೆ ನಿಂತಿದ್ದರೆ ನೆಲದ ಮೇಲೆ 10 ಮಿ.ಮೀ. ನೀರು ಇರುತ್ತಿತ್ತು ಅಂತ ಅರ್ಥ. ಲೀಟರ್ ಲೆಕ್ಕವೂ ಬೇಕಾ? ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. 100 ಚದರ ಮೀಟರ್ ಚಾವಣಿ ಮೇಲೆ 10 ಮಿ.ಮೀ. ಬಿದ್ದರೆ 1000 ಲೀಟರ್!

ಈಗ ಬಾಟಲಿ. ನಡುವೆ ಸೊಂಟದ ಹಾಗೆ ಒಳಸರಿದಿರುವ ಬಾಟಲಿ ಬೇಡ, ನೇರ ಮೈಯದು ಬೇಕು. ಕುತ್ತಿಗೆಯ ಕೆಳಗೆ, ಮೈ ನೇರವಾಗುವ ಕಡೆ ದೊಡ್ಡವರೇ ಕತ್ತರಿಸಿ, ಅಂಚಿಗೆ ಟೇಪ್ ಸುತ್ತಿ. ಮೇಲಿನ ತುಂಡಿನ ಮುಚ್ಚಳ ತೆಗೆದು ತಲೆಕೆಳಗಾಗಿ ಕೂರಿಸಿದರೆ ಅದೇ ಆಲಿಕೆ. ನೀರು ಆವಿಯಾಗುವುದನ್ನೂ ಅದು ತಕ್ಕಮಟ್ಟಿಗೆ ತಡೆಯುತ್ತದೆ.

ಜಾಸ್ತಿ ಜನ ಎಡವುವುದು ಬಾಟಲಿಯ ತಳದಲ್ಲಿ. ಅದು ಉಬ್ಬು ತಗ್ಗಾಗಿರುತ್ತದೆ, ಅಲ್ಲಿಂದಲೇ ಸ್ಕೇಲ್ ಅಂಟಿಸಿದರೆ ಅಳತೆ ತಪ್ಪುತ್ತದೆ. ಸಣ್ಣ ಕಲ್ಲು ಹಾಕಿ, ಮೈ ನೇರವಾಗುವವರೆಗೂ ನೀರು ತುಂಬಿಸಿ, ಆ ಮಟ್ಟಕ್ಕೆ ಗೆರೆ ಎಳೆಯಿರಿ. ಅದೇ ಸೊನ್ನೆ. ಸ್ಕೇಲ್ ಅಲ್ಲಿಂದ ಮೇಲಕ್ಕೆ. ಕಲ್ಲು ಬಾಟಲಿಗೆ ಭಾರವನ್ನೂ ಕೊಡುತ್ತದೆ. ಆದರೆ ಒಂದು ಕಲ್ಲೂ ಸೊನ್ನೆ ಗೆರೆಯ ಮೇಲೆ ತಲೆ ಎತ್ತಬಾರದು. ಎತ್ತಿದರೆ ನೀರಿನ ಜಾಗವನ್ನು ಅದು ಆಕ್ರಮಿಸಿ, ಇಲ್ಲದ ಮಳೆಯನ್ನು ತೋರಿಸುತ್ತದೆ.

ಅಳತೆ ಸರಿಯಿದೆಯಾ ಅಂತ ಮಳೆಗೆ ಕಾಯದೆ ನೋಡಬಹುದು. ಬಾಟಲಿಯ ಒಳ ಅಗಲ 8 ಸೆಂ.ಮೀ. ಇದ್ದರೆ ಬಾಯಿಯ ವಿಸ್ತೀರ್ಣ ಸುಮಾರು 50 ಚದರ ಸೆಂ.ಮೀ. ಅಂದರೆ 50 ಮಿಲಿಲೀಟರ್ ನೀರು ಸುರಿದಾಗ ಮಟ್ಟ 10 ಮಿ.ಮೀ. ಏರಬೇಕು. ಔಷಧಿ ಅಳೆಯುವ ಮುಚ್ಚಳದಲ್ಲಿ ಮಕ್ಕಳೇ ಅಳೆದು ಸುರಿಯಲಿ. ಈ ಹಂತವನ್ನು ಮಾತ್ರ ದಯವಿಟ್ಟು ಬಿಡಬೇಡಿ, ತಪ್ಪು ಎಲ್ಲಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ.

ಇಡುವುದು ಬಯಲಲ್ಲಿ. ಮರವೋ ಗೋಡೆಯೋ ಇದ್ದರೆ ಅದರ ಎತ್ತರದ ಎರಡರಷ್ಟು ದೂರ ಇಡಿ. ಗಾಳಿಗೆ ಉರುಳದ ಹಾಗೆ ಇಟ್ಟಿಗೆಗಳ ನಡುವೆ ನಿಲ್ಲಿಸಿ, ನೆಲಕ್ಕೆ ಬಡಿದ ಹನಿ ಸಿಡಿದು ಒಳಗೆ ಬೀಳದಷ್ಟು ಎತ್ತರದಲ್ಲಿ ಬಾಯಿ ಇರಲಿ.

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ. ನಿಂತುಕೊಂಡು ಮೇಲಿಂದ ಬಗ್ಗಿ ನೋಡಿದರೆ ಅಳತೆ ತಪ್ಪುತ್ತದೆ. ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತರಬೇಕು. ನೀರು ಬಾಟಲಿಯ ಗೋಡೆ ಹಿಡಿದು ಅಂಚಿನಲ್ಲಿ ಸ್ವಲ್ಪ ಮೇಲೆ ಹತ್ತಿರುತ್ತದೆ, ನಡುವಿನ ತಗ್ಗನ್ನೇ ಓದಬೇಕು. ಬರೆದುಕೊಂಡ ಮೇಲೆ ಸೊನ್ನೆ ಗೆರೆಯವರೆಗೆ ಚೆಲ್ಲಿ. ಮಳೆಯಿಲ್ಲದ ದಿನ ತಳದ ನೀರು ಆರಿ ಮಟ್ಟ ಇಳಿದಿರುತ್ತದೆ, ಅದನ್ನು ಗೆರೆವರೆಗೆ ತುಂಬಿಸಿ.

ಇನ್ನು ಬಕೆಟ್ ಪ್ರಶ್ನೆ ಕೇಳಿದ ಮಗು. ಅದರ ಯೋಚನೆಯಲ್ಲಿ ಹುರುಳಿದೆ! ತುಂತುರು ಮಳೆಯ 1 ಮಿ.ಮೀ. ಬಾಟಲಿಯಲ್ಲಿ ಕಣ್ಣಿಗೇ ಕಾಣುವುದಿಲ್ಲ. ಅಗಲ ಬಾಯಲ್ಲಿ ಹಿಡಿದ ನೀರನ್ನು ಕಿರಿದಾದ ಕೊಳವೆಗೆ ಇಳಿಸಿದರೆ ಮಟ್ಟ ಎದ್ದು ಕಾಣುತ್ತದೆ. ಆಲಿಕೆ 12 ಸೆಂ.ಮೀ. ಅಗಲ, ಕೊಳವೆ 4 ಸೆಂ.ಮೀ. ಅಂದುಕೊಳ್ಳಿ. ಅಗಲ ಮೂರರಷ್ಟು, ಆದರೆ ವಿಸ್ತೀರ್ಣ ಒಂಬತ್ತರಷ್ಟು. ಹಾಗಾಗಿ ಕೊಳವೆಯಲ್ಲಿ 9 ಮಿ.ಮೀ. ಕಂಡರೆ ಮಳೆ 1 ಮಿ.ಮೀ. ಇಲ್ಲಿ ಮೂರರಿಂದ ಭಾಗಿಸಿ ತಪ್ಪುವವರು ಬಹಳ. ಹವಾಮಾನ ಕೇಂದ್ರಗಳ ಎಷ್ಟೋ ಮಾಪಕಗಳಲ್ಲಿ ಬಾಯಿಯ ವಿಸ್ತೀರ್ಣ ಒಳಗಿನ ಕೊಳವೆಯ ಹತ್ತರಷ್ಟು ಇರುತ್ತದೆ, ಲೆಕ್ಕ ಸಲೀಸು.

ಪುಸ್ತಕದಲ್ಲಿ ಬರೆಯುವಾಗ ಒಂದು ವಿಷಯ. ಮಳೆ ಬರದ ದಿನ ಸುಮ್ನೆ ಖಾಲಿ ಬಿಡಬೇಡಿ, 0 ಅಂತ ಬರೆಸಿ. ಖಾಲಿ ಬಿಟ್ಟರೆ ಆವತ್ತು ಯಾರೂ ನೋಡಲಿಲ್ಲ ಅಂತ ಅರ್ಥ. ಎರಡು ದಿನ ನೋಡದೆ ಮೂರನೇ ದಿನ 18 ಮಿ.ಮೀ. ಸಿಕ್ಕರೆ ಆರಾರು ಅಂತ ಹಂಚಬೇಡಿ. "ಮೂರು ದಿನಕ್ಕೆ ಒಟ್ಟು 18" ಅಂತಲೇ ಬರೆಯಲಿ.