ಹಲಗೆ ಎತ್ತುವವರು ಯಾರು? ಅಘನಾಶಿನಿ ಗಜನಿಗಳ ಕಥೆ

ಮಳೆಗಾಲದಲ್ಲಿ ಕುಮಟಾ ತಾಲ್ಲೂಕಿನ ಮಾಣಿಕಟ್ಟಾ ಕಡೆ ಹೋದರೆ ಗದ್ದೆ ಎಲ್ಲಿ ಮುಗಿಯಿತು, ಹೊಳೆ ಎಲ್ಲಿ ಶುರುವಾಯಿತು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಎರಡೂ ಕಡೆ ನೀರೇ. ನಡುವೆ ಒಂದು ಕಟ್ಟೆ. ಕಟ್ಟೆಯಲ್ಲಿ ಅಲ್ಲಲ್ಲಿ ಬಾಗಿಲು, ಬಾಗಿಲಿಗೆ ಒಂದರ ಮೇಲೊಂದು ಇಳಿಬಿಟ್ಟ ಮರದ ಹಲಗೆಗಳು. ಸಮುದ್ರದ ಉಬ್ಬರ ಹೊಳೆಗೆ ಏರಿ ಬರುವಾಗ ಹಲಗೆ ಇಳಿಸಬೇಕು. ಇಳಿತ ಶುರುವಾದಾಗ ಎತ್ತಿ, ಒಳಗೆ ನಿಂತ ಮಳೆನೀರನ್ನು ಹೊರಗೆ ಬಿಡಬೇಕು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅದೂ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಹಾಗಾಗಿ ಈ ಕೆಲಸಕ್ಕೆ ಗಡಿಯಾರಕ್ಕಿಂತ ತಿಥಿ ನೋಡುವುದೇ ಜಾಸ್ತಿ ಉಪಯೋಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಅದೇ ಹೊತ್ತಿಗೆ ಘಟ್ಟದ ಮೇಲೆ ಜೋರು ಮಳೆ ಬಿತ್ತೋ, ಆ ರಾತ್ರಿ ನಿದ್ದೆ ಇಲ್ಲ.

ಅಘನಾಶಿನಿಯ ಪ್ರವಾಹ ಅರ್ಥವಾಗಬೇಕಾದರೆ ಈ ಹಲಗೆಯಿಂದಲೇ ಶುರು ಮಾಡಬೇಕು ಅಂತ ನನ್ನ ಅನಿಸಿಕೆ.

ಶಿರಸಿ ಸೀಮೆಯಲ್ಲಿ ಹುಟ್ಟುವ ಈ ಹೊಳೆ ಸುಮಾರು 120 ಕಿಲೋಮೀಟರ್ ಹರಿದು, ಗೋಕರ್ಣದ ದಕ್ಷಿಣಕ್ಕೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ದಾರಿಯಲ್ಲಿ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಘಟ್ಟ ಇಳಿದ ಮೇಲೆ ಮಾತ್ರ ಅದಕ್ಕೆ ಇಳಿಜಾರೇ ಇಲ್ಲ, ನೆಲ ಹೆಚ್ಚುಕಡಿಮೆ ಸಮುದ್ರದ ಮಟ್ಟದಲ್ಲೇ ಇದೆ. ಬೇಸಿಗೆಯಲ್ಲಿ ಉಪ್ಪುನೀರು ಉಪ್ಪಿನಪಟ್ಟಣದವರೆಗೂ ಏರುತ್ತದೆ. ಮಳೆಗಾಲದಲ್ಲಿ ಎಲ್ಲ ಉಲ್ಟಾ. ಮೇಲಿಂದ ನೀರು ನುಗ್ಗುತ್ತದೆ, ಕೆಳಗಿಂದ ಉಬ್ಬರ ಅದನ್ನು ತಡೆಯುತ್ತದೆ. ತಡೆಸಿಕೊಂಡ ನೀರು ಅಕ್ಕಪಕ್ಕದ ತಗ್ಗು ನೆಲಕ್ಕೆ ಹರಡುತ್ತದೆ. ಆ ತಗ್ಗು ನೆಲದ ಹೆಸರೇ ಗಜನಿ. ಹೊಳೆಯ ನಡುವಿನ ನಡುಗಡ್ಡೆಗೆ ಇಲ್ಲಿ ಕುರ್ವೆ ಅನ್ನುತ್ತಾರೆ. ಐಗಳಕುರ್ವೆಯಂಥ ಊರುಗಳ ಸುತ್ತ ನಾಲ್ಕೂ ಕಡೆ ನೀರು.

ಇಂಥ ನೆಲದಲ್ಲಿ ಬೇಸಾಯ ಹೇಗೆ? ಹಿಂದಿನವರು ಕಂಡುಕೊಂಡ ಉತ್ತರ ಕಗ್ಗ. ಇದು ಉಪ್ಪು ತಡೆಯುವ ಭತ್ತ. ಜೂನಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆಯಬೇಕು, ಆ ತೊಳೆದ ನೀರನ್ನು ಇಳಿತದಲ್ಲಿ ಹೊರಗೆ ಕಳಿಸಬೇಕು. ಆಮೇಲೆ ಮೊಳಕೆ ಬರಿಸಿದ ಬೀಜ ಬಿತ್ತುವುದು. ಗೊಬ್ಬರ ಹಾಕುವುದಿಲ್ಲ. ಹೊಳೆ ತರುವ ಗೋಡೇ, ಅಂದರೆ ಮೆಕ್ಕಲು ಕೆಸರೇ, ಗೊಬ್ಬರ. ನೆರೆ ಬಂದು ಗದ್ದೆ ಮುಳುಗಿದರೆ ಬೇರೆ ಭತ್ತ ಕೊಳೆಯುತ್ತದೆ. ಕಗ್ಗ ಕೆಲವು ದಿನ ಮುಳುಗಿದ್ದು, ನೀರು ಇಳಿದ ಮೇಲೆ ಮತ್ತೆ ತಲೆ ಎತ್ತುತ್ತದೆ. ಕೊಯ್ಲಿನ ಕಾಲಕ್ಕೆ ಮೇಲಿನ ತೆನೆಯನ್ನಷ್ಟೇ ಕೊಯ್ದು, ಉದ್ದದ ದಂಟನ್ನು ನೀರಲ್ಲೇ ಬಿಡುತ್ತಾರೆ. ಕೊಯ್ಲಾದ ಮೇಲೆ ಹಲಗೆಯ ಕೆಲಸ ತಿರುವುಮುರುವು. ಉಬ್ಬರದಲ್ಲಿ ಎತ್ತಿ ಉಪ್ಪುನೀರನ್ನು ಒಳಗೆ ಕರೆಯುತ್ತಾರೆ. ಅದರ ಜೊತೆ ಶೆಟ್ಲಿ (ಸಿಗಡಿ), ಮೀನು, ಏಡಿಯ ಮರಿಗಳು ಬರುತ್ತವೆ. ಕೊಳೆಯುವ ದಂಟಿನ ನಡುವೆ ಅವು ಮೇಯುತ್ತವೆ. ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿದರೆ ಆಯಿತು. ಗೋವಾದ ಖಜಾನ, ಕೇರಳದ ಪೊಕ್ಕಾಳಿ ಗದ್ದೆಗಳ ಲೆಕ್ಕವೂ ಇದೇ. ಅರ್ಧ ವರ್ಷ ಅನ್ನ, ಅರ್ಧ ವರ್ಷ ಮೀನು.

ನೆರೆಯನ್ನು ತಡೆಯುವುದು ಈ ಏರ್ಪಾಟಿನ ಉದ್ದೇಶವೇ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ. ಕಟ್ಟೆ ಮಣ್ಣಿನದು, ಗಿಡ್ಡದು. ದೊಡ್ಡ ನೆರೆ ಅದರ ಮೇಲೆ ಹಾದು ಹೋಗುತ್ತಿತ್ತು. ಗಜನಿ ತುಂಬಿಕೊಳ್ಳುತ್ತಿತ್ತು, ಮನೆಗಳು ಎತ್ತರದ ಜಾಗದಲ್ಲಿ ಇರುತ್ತಿದ್ದವು. ಕಟ್ಟೆ ಒಡೆದರೆ ಊರವರು ಸೇರಿ ಗೋಡು ಮೆತ್ತುತ್ತಿದ್ದರು. ಇದನ್ನು ಸ್ವರ್ಗ ಅಂತ ಹೊಗಳುವುದು ಬೇಡ. ಮಣ್ಣು ಹೊತ್ತವರು ಗೇಣಿದಾರರು, ನೆಲ ಮಾತ್ರ ಒಡೆಯರದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಕಾನೂನಿನ ತಿದ್ದುಪಡಿ ಅದನ್ನು ಬದಲಿಸಿತು. ಉಳುವವರ ಹೆಸರಿಗೆ ನೆಲ ಬಂತು. ಬರಬೇಕಾದ್ದೇ. ಆದರೆ ಗದ್ದೆ ಹಿಸ್ಸೆ ಹಿಸ್ಸೆಯಾಯಿತು, ಕಟ್ಟೆಯನ್ನು ಹಿಸ್ಸೆ ಮಾಡಲು ಆಗುತ್ತದೆಯೇ? ಹೆಚ್ಚುಕಡಿಮೆ ಅದೇ ದಶಕದಲ್ಲಿ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಗಟ್ಟಿಯಾದ ಕಲ್ಲಿನ ಕಟ್ಟೆಗಳು ಬಂದವು. ಖಾರ್ ಅಂದರೆ ಕ್ಷಾರ, ಉಪ್ಪು ನೆಲ. ವರ್ಷವರ್ಷ ಮಣ್ಣು ಹೊರುವ ಕಷ್ಟ ತಪ್ಪಿತು. ಮಣ್ಣು ಹೊರಲು ಸೇರುತ್ತಿದ್ದ ಜನ ಸೇರುವುದೂ ತಪ್ಪಿತು. ಕಟ್ಟೆ ಸರ್ಕಾರದ್ದು ಅಂದ ಮೇಲೆ ಕೊಳೆತ ಹಲಗೆ ಬದಲಿಸುವುದೂ ಸರ್ಕಾರದ ಕೆಲಸವೇ, ಅಲ್ವಾ?

ಇಂಥ ಹೊತ್ತಿಗೆ ಸಿಗಡಿ ಸಾಕಣೆ ಬಂತು. ಹೊರದೇಶದ ಮಾರುಕಟ್ಟೆ, ಕೈತುಂಬ ದುಡ್ಡು. ಭತ್ತದ ಲಾಭ ಅದರ ಮುಂದೆ ಏನೂ ಅಲ್ಲ. ಗಜನಿಗಳು ಲೀಸಿಗೆ ಹೋದವು. ಹಲಗೆ ಎತ್ತುವ, ಇಳಿಸುವ ಲೆಕ್ಕವೇ ಬದಲಾಯಿತು. ಸಿಗಡಿಗೆ ಉಪ್ಪುನೀರು ಬೇಕು, ಭತ್ತಕ್ಕೆ ಬೇಡ. ಒಂದೇ ಕಟ್ಟೆಯ ಒಳಗೆ ಇಬ್ಬರೂ ಇದ್ದರೆ ಯಾರ ಮಾತು ನಡೆಯುತ್ತದೆ ಅಂತ ಹೇಳಬೇಕಾಗಿಲ್ಲ. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೆರೆಗಳನ್ನು ಗುಡಿಸಿ ಹಾಕಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಉದ್ಯಮದ ಕೆರೆಗಳನ್ನು ಕೆಡವಲು ಹೇಳಿತು. ತಗ್ಗು ಪ್ರದೇಶದ ಹಳೆಯ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಲೀಸಿನವರು ಹೋದರು. ಗದ್ದೆ ಮಾತ್ರ ವಾಪಸ್ ಬರಲಿಲ್ಲ.

ಒಮ್ಮೆ ಪಾಳು ಬಿದ್ದ ಗಜನಿ ಸುಮ್ನೆ ಕಾಯುತ್ತಾ ಕೂರುವುದಿಲ್ಲ. ಒಂದು ಕಡೆ ಕಟ್ಟೆ ಕಿತ್ತುಹೋದರೆ ಉಬ್ಬರ ದಿನಕ್ಕೆರಡು ಸಲ ಒಳಗೆ ಬರುತ್ತದೆ, ಇಡೀ ಬಯಲು ಉಪ್ಪಾಗುತ್ತದೆ. ಆಮೇಲೆ ಕಾಂಡ್ಲ (ಮ್ಯಾಂಗ್ರೋವ್) ಗಿಡ ಬೆಳೆಯುತ್ತದೆ. ಕಾಂಡ್ಲ ಒಳ್ಳೆಯದೇ. ಬೇರು ದಂಡೆಯನ್ನು ಹಿಡಿಯುತ್ತದೆ, ಮೀನಿನ ಮರಿಗೆ ಆಸರೆಯಾಗುತ್ತದೆ. ಆದರೆ ಗದ್ದೆಯೊಳಗೇ ಕಾಡು ಬೆಳೆದ ಮೇಲೆ ಅದನ್ನು ಕಡಿದು ಮತ್ತೆ ಭತ್ತ ಬಿತ್ತಲು ಕಾನೂನು ಸುಲಭಕ್ಕೆ ಬಿಡುವುದಿಲ್ಲ. ಕೊನೆಗೆ ಕಗ್ಗ ಉಳಿದದ್ದು ಮಾಣಿಕಟ್ಟಾದಂಥ ಕೆಲವೇ ಕಡೆ, ಬೆಳೆಗಾರರು ಸಂಘ ಕಟ್ಟಿಕೊಂಡು ಒಟ್ಟಿಗೆ ಬಿತ್ತಿದಲ್ಲಿ.

ಪ್ರವಾಹಕ್ಕೂ ಇದಕ್ಕೂ ಏನು ಸಂಬಂಧ? ಇಳಿತದಲ್ಲಿ ಖಾಲಿ ಮಾಡಿದ ಗಜನಿ ಖಾಲಿ ಪಾತ್ರೆ ಇದ್ದ ಹಾಗೆ. ಮಳೆ ಬಂದಾಗ ಅದರಲ್ಲಿ ಜಾಗ ಇರುತ್ತದೆ. ಬಾಗಿಲು ಕೆಟ್ಟ ಗಜನಿ ಉಬ್ಬರದ ಹೊತ್ತಿಗೆ ಮೊದಲೇ ತುಂಬಿರುತ್ತದೆ. ಘಟ್ಟದ ನೀರು ಬಂದರೆ ಅಂಗಳಕ್ಕೇ ಹತ್ತುತ್ತದೆ. ಸಾಲದ್ದಕ್ಕೆ ಹೆದ್ದಾರಿ, ರೈಲು ದಾರಿ ಎರಡೂ ಈ ತಗ್ಗನ್ನು ಮಣ್ಣಿನ ದಿಬ್ಬ ಹಾಕಿಕೊಂಡೇ ದಾಟಬೇಕು. ದಿಬ್ಬದ ಕೆಳಗೆ ಮೋರಿ ಎಷ್ಟು ಅಗಲವೋ ಅಷ್ಟೇ ನೀರು ದಾಟುತ್ತದೆ.

2019ರ ಆಗಸ್ಟ್ ನೆರೆಯಲ್ಲಿ ಉತ್ತರ ಕನ್ನಡದ ಹೊಳೆಗಳೆಲ್ಲ ಒಟ್ಟಿಗೆ ಉಕ್ಕಿದವು. ಆಗ ನಡೆದ ವಾದ ಬಹುಪಾಲು ಅಣೆಕಟ್ಟಿನ ಸುತ್ತ. ಕಾಳಿ ಹೊಳೆಯ ಕದ್ರಾ ಅಣೆಕಟ್ಟಿನ ಗೇಟು ತೆರೆದಾಗ ಕೆಳಗಿನ ಊರುಗಳು ಮುಳುಗಿದ್ದು ನಿಜ. ಮಳೆಗಾಲದಲ್ಲಿ ಅಲ್ಲಿ ಸ್ವಲ್ಪ ಜಾಗ ಖಾಲಿ ಬಿಟ್ಟುಕೊಳ್ಳಬೇಕು ಅನ್ನುವ ಒತ್ತಾಯ ಬಲವಾದದ್ದು ಆಮೇಲೆ. ಶರಾವತಿ ಕೆಳದಂಡೆಯ ಹೊನ್ನಾವರದವರು ಲಿಂಗನಮಕ್ಕಿ ಅಣೆಕಟ್ಟಿನ ಗರಿಷ್ಠ ಮಟ್ಟವಾದ 1819 ಅಡಿಯ ಲೆಕ್ಕವನ್ನು ಕ್ರಿಕೆಟ್ ಸ್ಕೋರಿನ ಹಾಗೆ ನೋಡುತ್ತಾರೆ. ಆದರೆ ಅಂಕೋಲೆಯ ಗಂಗಾವಳಿಗೂ ದೊಡ್ಡ ಅಣೆಕಟ್ಟಿಲ್ಲ, ಅಘನಾಶಿನಿಗೂ ಇಲ್ಲ. ಅಲ್ಲೂ ಊರು ಮುಳುಗಿತು. 2024ರ ಜುಲೈ 16ರಂದು ಶಿರೂರಿನ ಗುಡ್ಡ ಗಂಗಾವಳಿಗೆ ಕುಸಿದಾಗ ಆಚೆ ದಡದ ಉಳುವರೆಗೆ ನೀರು ಅಪ್ಪಳಿಸಿತು. ಅದು ಯಾವ ಉಬ್ಬರದ ಲೆಕ್ಕದಲ್ಲೂ ಇರದ ನೆರೆ.

ಅಣೆಕಟ್ಟಿಲ್ಲದ ಅಘನಾಶಿನಿಗೆ ಒಂದು ಲಾಭವಂತೂ ಇದೆ. ಅದು ಸಮುದ್ರ ಸೇರುವ ಅಳಿವೆಯಲ್ಲಿ ಉಪ್ಪು ಕಾಲಕ್ಕೆ ತಕ್ಕಂತೆ ಏರಿಳಿಯುತ್ತದೆ. ಶರಾವತಿಯಲ್ಲಿ ವಿದ್ಯುತ್ ಉತ್ಪಾದನೆಗೆ ಬಿಟ್ಟ ಸಿಹಿನೀರು ವರ್ಷವಿಡೀ ಬರುವುದರಿಂದ ಅಲ್ಲಿನ ಚಿಪ್ಪಿಕಲ್ಲು ಸೊರಗಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಈಗ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ.

ಕರಾವಳಿಯಲ್ಲಿ ಖಾರ್‌ಲ್ಯಾಂಡ್ ಕಟ್ಟೆಗಳ ಮಾತು ಈಗ ಮತ್ತೆ ಜೋರಾಗಿದೆ. ಕಟ್ಟೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಎಷ್ಟು ಎತ್ತರ ಅನ್ನುವಲ್ಲಿ ನನಗೆ ಅನುಮಾನ. ಈ ದಡದಲ್ಲಿ ಏರಿಸಿದಷ್ಟೂ ನೀರು ಆಚೆ ದಡಕ್ಕೆ, ಇಲ್ಲವೇ ಕುರ್ವೆಗೆ ಹೋಗುತ್ತದೆ. ಅದಕ್ಕಿಂತ ಮೊದಲು ಹೊಸ ಕಟ್ಟೆಯ ಅಂದಾಜುಪಟ್ಟಿಯಲ್ಲಿ ನಾನು ಹುಡುಕುವುದು ಒಂದೇ ಸಾಲು: ಆಷಾಢದ ಅಮಾವಾಸ್ಯೆಯ ರಾತ್ರಿ ಎರಡು ಗಂಟೆಗೆ, ಬ್ಯಾಟರಿ ಹಿಡಿದು ಹೋಗಿ ಹಲಗೆ ಎತ್ತುವವರಿಗೆ ಸಂಬಳ ಎಷ್ಟು, ಕೊಡುವವರು ಯಾರು.