ವಾಲ್ವ್‌ಗೊಂದು ಮೂಗುದಾರ

ಎಂಜಿನ್ನಿಗೆ ಗಾಳಿ-ಪೆಟ್ರೋಲ್ ಬರುವ, ಹೊಗೆ ಹೋಗುವ ದಾರಿಯ ಬಾಗಿಲೇ ವಾಲ್ವ್. ಅದರ ಮೇಲೊಂದು ಸ್ಪ್ರಿಂಗ್ ಯಾಕಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ‘ವಾಲ್ವ್ ಮುಚ್ಚೋಕೆ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಎಂಜಿನ್ ಬಿಚ್ಚಿ ಕಟ್ಟಿ ಪಳಗಿದವರೂ ಹಾಗೇ ಹೇಳುತ್ತಾರೆ. ಬಸ್ಸಿಗೆ ಬ್ರೇಕ್ ಇರುವುದು ನಿಲ್ದಾಣದಲ್ಲಿ ಅದು ಉರುಳಿಹೋಗದಿರಲಿ ಎಂದು ಅಂದ ಹಾಗಾಯಿತು ಇದು. ಸುಳ್ಳಲ್ಲ, ಆದರೆ ಬ್ರೇಕಿನ ಬೆವರು ಇಳಿಯುವುದು ನಿಲ್ದಾಣದಲ್ಲಲ್ಲ, ಇಳಿಜಾರಿನಲ್ಲಿ. ಸ್ಪ್ರಿಂಗ್‌ಗೂ ಅಂಥದೊಂದು ಇಳಿಜಾರಿದೆ. ಅದು ಬರುವುದು ವಾಲ್ವ್ ಮುಚ್ಚುವ ಗಳಿಗೆಯಲ್ಲಲ್ಲ, ಪೂರ್ತಿ ತೆರೆದ ಗಳಿಗೆಯಲ್ಲಿ. ಇಷ್ಟು ಗೊತ್ತಿಲ್ಲದೆ ಕ್ಯಾಮ್ (ತಿರುಗುತ್ತಾ ವಾಲ್ವನ್ನು ತಳ್ಳಿ ತೆರೆಯುವ ಭಾಗ) ಬದಲಿಸಿದವರ ಪಾಡು ನೋಡಿ ನೋಡಿ ನನಗೆ ಸಾಕಾಗಿದೆ.

ಗೆಳೆಯನೊಬ್ಬ ತನ್ನ ನಾಲ್ಕು ಸಿಲಿಂಡರಿನ ಕಾರಿಗೆ ‘ದೊಡ್ಡ’ ಕ್ಯಾಮ್‌ಶಾಫ್ಟ್, ಅಂದರೆ ಕ್ಯಾಮ್‌ಗಳಿರುವ ದಂಡ, ಹಾಕಿಸಿದ. ಹಳೆಯ ಕ್ಯಾಮ್ ವಾಲ್ವನ್ನು 9 ಮಿ.ಮೀ. ಎತ್ತುತ್ತಿತ್ತು, ಹೊಸದು 10.5. ಸ್ಪ್ರಿಂಗ್ ಮಾತ್ರ ಹಳೆಯವೇ. ‘ಒಂದೂ ಮುರಿದಿಲ್ಲ ಮಾರಾಯ, ಯಾಕೆ ಸುಮ್ಮನೆ ಖರ್ಚು?’ ಎಂದ. 6000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ತನಕ ಕಾರು ಹೇಳಿದ ಮಾತು ಕೇಳಿತು. 6200 ದಾಟುತ್ತಿದ್ದಂತೆ ತೊದಲಲು ಶುರುವಾಯಿತು. ಸ್ಪಾರ್ಕ್ ಪ್ಲಗ್ ಬದಲಾದವು, ಇಗ್ನಿಷನ್ ಕಾಯಿಲ್ ಬದಲಾದವು, ಪೆಟ್ರೋಲ್ ಪಂಪ್ ಕೂಡ ಬದಲಾಯಿತು. ಎಂಜಿನ್ ಶಕ್ತಿ ಅಳೆಯುವ ಯಂತ್ರ ಡೈನೊ ಮೇಲೆ ಓಡಿಸಿದರೆ ಶಕ್ತಿಯ ಗೆರೆ 6200ರ ತನಕ ನುಣ್ಣಗೆ ಏರಿ, ಅಲ್ಲಿಂದಾಚೆಗೆ ಗರಗಸದ ಹಲ್ಲು. ತೊದಲು ಕೇಳಿಸಿದ ಕೂಡಲೇ ಕಿಡಿಯ ಮೇಲೆ ಅನುಮಾನ ಪಡುವುದು ಒಂದು ಥರದ ಮೂಢನಂಬಿಕೆಯೇ ಸರಿ.

6000 ಆರ್‌ಪಿಎಂನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಸೆಕೆಂಡಿಗೆ 100 ಸುತ್ತು ತಿರುಗುತ್ತದೆ, ಕ್ಯಾಮ್‌ಶಾಫ್ಟ್ ಅದರರ್ಧ, 50. ಅಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು. ಕ್ರ್ಯಾಂಕಿನ ಲೆಕ್ಕದಲ್ಲಿ 250 ಡಿಗ್ರಿಯಷ್ಟು ಹೊತ್ತು ಅದು ತೆರೆದಿರುತ್ತದೆ ಎಂದುಕೊಂಡರೆ, ಹೋಗಿಬರುವ ಇಡೀ ಪ್ರಯಾಣಕ್ಕೆ ಸಿಗುವುದು 7 ಮಿಲಿಸೆಕೆಂಡಿಗೂ ಕಡಿಮೆ.

ಈ ಪ್ರಯಾಣದಲ್ಲಿ ಕ್ಯಾಮ್ ವಾಲ್ವನ್ನು ವೇಗಕ್ಕೆ ಏರಿಸುವುದು ಮೊದಲ ಭಾಗದಲ್ಲಿ ಮಾತ್ರ. ಕೈಯಲ್ಲಿ ಚೆಂಡು ಹಿಡಿದು ಮೇಲಕ್ಕೆ ಎತ್ತಿ, ಕೈಯನ್ನು ಥಟ್ಟನೆ ನಿಲ್ಲಿಸಿ. ಕೈ ನಿಂತಿತು, ಚೆಂಡು ನಿಲ್ಲುವುದಿಲ್ಲ. ಕಾರಿನಲ್ಲಿ ವೇಗವಾಗಿ ಹೋಗುವಾಗ ಉಬ್ಬು ಸೇತುವೆಯ ನೆತ್ತಿಯಲ್ಲಿ ಹೊಟ್ಟೆ ಹಗುರಾಗುತ್ತದಲ್ಲ, ಅದೂ ಇದೇ. ಕ್ಯಾಮ್‌ನ ಉಬ್ಬಾದ ಲೋಬ್ ತುದಿಗೆ ಬರುತ್ತಿದ್ದಂತೆ ತಳ್ಳುವುದನ್ನು ಬಿಟ್ಟು ಹಿಂದೆ ಸರಿಯುವ ತಯಾರಿಯಲ್ಲಿರುತ್ತದೆ; ವಾಲ್ವ್ ಮಾತ್ರ ಪಡೆದ ವೇಗದಲ್ಲಿ ಮುಂದಕ್ಕೇ ಹೋಗಬೇಕೆನ್ನುತ್ತದೆ. ಕ್ಯಾಮ್‌ಗೆ ತಳ್ಳಲು ಬರುತ್ತದೆ, ಎಳೆಯಲು ಬರುವುದಿಲ್ಲ. ಹಿಡಿದೆಳೆದು ಲೋಬಿಗೆ ಅಂಟಿಸಿಡುವ ಕೆಲಸ ಪೂರ್ತಿ ಸ್ಪ್ರಿಂಗ್‌ನದು. ಅದು ಸೋತರೆ ವಾಲ್ವ್ ಲೋಬ್ ಬಿಟ್ಟು ಹಾರುತ್ತದೆ, ಎಂಜಿನ್ ತೊದಲುತ್ತದೆ. ಲೋಬಿನ ಆ ತುದಿಯನ್ನು ಎಂಜಿನ್ ಭಾಷೆಯಲ್ಲಿ ‘ನೋಸ್’ ಎನ್ನುತ್ತಾರೆ, ಅಂದರೆ ಮೂಗು. ಹಾಗಾಗಿ ಸ್ಪ್ರಿಂಗನ್ನು ನಾನು ಮೂಗುದಾರ ಎಂದೇ ಕರೆಯುವುದು. ಹೋರಿಯನ್ನು ಕೊಟ್ಟಿಗೆಗೆ ಕಟ್ಟಲು ಯಾವ ಹಗ್ಗವಾದರೂ ಆದೀತು, ಓಡುವ ಹೋರಿಯನ್ನು ತಡೆಯಲು ಮೂಗುದಾರವೇ ಬೇಕು.

ಎಷ್ಟು ಬಲ ಬೇಕು? 10 ಮಿ.ಮೀ. ಲಿಫ್ಟ್ (ಕ್ಯಾಮ್ ವಾಲ್ವನ್ನು ಎತ್ತುವ ಎತ್ತರ), 250 ಡಿಗ್ರಿ, ಚಲನೆ ಕೊಸೈನ್ ಗೆರೆಯಂತೆ ಎಂದು ಸರಳ ಮಾಡಿಕೊಂಡರೆ 6000 ಆರ್‌ಪಿಎಂನಲ್ಲಿ ಮೂಗಿನ ಮೇಲೆ ವಾಲ್ವ್‌ಗೆ ಬೇಕಾದ ಮಂದಗತಿ ಗುರುತ್ವದ ಸುಮಾರು 400 ಪಟ್ಟು. ವಾಲ್ವ್, ಸ್ಪ್ರಿಂಗನ್ನು ಅದಕ್ಕೆ ಹಿಡಿದಿಡುವ ಬಿಲ್ಲೆ ರಿಟೇನರ್, ಜೊತೆಗೆ ಕುಣಿಯುವ ಉಳಿದದ್ದೆಲ್ಲ ಸೇರಿ 120 ಗ್ರಾಂ ಇದ್ದರೆ ಬೇಕಾದ ಬಲ ಸುಮಾರು 50 ಕೆಜಿ ತೂಕದಷ್ಟು. ನಿಜವಾದ ಕ್ಯಾಮ್‌ಗಳ ಆಕಾರ ಇದಕ್ಕಿಂತ ಜಾಣತನದ್ದು, ಸಂಖ್ಯೆ ಹಿಂದೆಮುಂದೆ ಆಗುತ್ತದೆ. ಅಂದಾಜಿಗೆ ಇದು ಸಾಕು. ಕಣ್ಣು ಇಡಬೇಕಾದದ್ದು ಇನ್ನೊಂದು ಕಡೆ. ಈ ಬಲ ಏರುವುದು ವೇಗದ ವರ್ಗದಂತೆ. 6000ದಿಂದ 7000ಕ್ಕೆ ಹೋದರೆ ವೇಗ ಹೆಚ್ಚಿದ್ದು ಆರನೇ ಒಂದು ಪಾಲು. ಬಲ ಹೆಚ್ಚಬೇಕಾದದ್ದು ಶೇಕಡಾ 36. 50 ಇದ್ದದ್ದು 68 ಕೆಜಿ ಆಯಿತು. 7500ಕ್ಕೆ 78.

‘ಲಿಫ್ಟ್ ಇಷ್ಟು, ಸ್ಪ್ರಿಂಗ್ ಯಾವುದು ಹಾಕಲಿ?’ ಎಂಬ ಪ್ರಶ್ನೆಗೆ ಹಾಗಾಗಿ ಉತ್ತರವೇ ಇಲ್ಲ. 10 ಮಿ.ಮೀ. ಎತ್ತುವ ಎರಡು ಕ್ಯಾಮ್ ತೆಗೆದುಕೊಳ್ಳಿ. ಒಂದು ನಿಧಾನಕ್ಕೆ ಎತ್ತಿ ನಿಧಾನಕ್ಕೆ ಇಳಿಸುವಂಥದ್ದು, ಇನ್ನೊಂದು ಅಷ್ಟೇ ಎತ್ತರವನ್ನು ಕಡಿಮೆ ಡಿಗ್ರಿಗಳಲ್ಲಿ ತುರುಕಿದ್ದು. ಒಂದೇ ಆರ್‌ಪಿಎಂನಲ್ಲಿ ಎರಡನೆಯದಕ್ಕೇ ಗಟ್ಟಿ ಸ್ಪ್ರಿಂಗ್ ಬೇಕು, ಕಾಗದದ ಮೇಲೆ ಅದು ‘ಚಿಕ್ಕ’ ಕ್ಯಾಮ್ ಆಗಿ ಕಂಡರೂ. ವಾಲ್ವನ್ನು ಹೆಚ್ಚು ಡಿಗ್ರಿ ತೆರೆದಿಡುವ, ಅಂದರೆ ಉದ್ದ ಡ್ಯುರೇಷನ್‌ನ ರೇಸ್ ಕ್ಯಾಮ್ ಸ್ಪ್ರಿಂಗ್‌ಗೆ ಕಾಟ ಕೊಡುವುದು ಮುಖ್ಯವಾಗಿ ತನ್ನ ಆಕಾರದಿಂದಲ್ಲ. ಎಂಜಿನ್ ಶಕ್ತಿಯನ್ನೆಲ್ಲ ಮೇಲಿನ ಆರ್‌ಪಿಎಂಗೆ ಒಯ್ದು, ಡ್ರೈವರನ್ನು ಅಲ್ಲಿಗೆ ಕರೆಯುವುದರಿಂದ.

ಸಮೀಕರಣದ ಇನ್ನೊಂದು ಬದಿಯಲ್ಲಿರುವ ತೂಕವನ್ನು ಕೇಳುವವರೇ ಇಲ್ಲ. ಬಲ ಹೆಚ್ಚಿಸುವ ಬದಲು ತೂಕ ಇಳಿಸಿದರೂ ಫಲ ಒಂದೇ: 120 ಗ್ರಾಂನಲ್ಲಿ 10 ಗ್ರಾಂ ಕಳೆದರೆ ಬೇಕಾದ ಬಲ ಶೇಕಡಾ 8ರಷ್ಟು ಇಳಿಯುತ್ತದೆ. ಟೈಟಾನಿಯಂ ರಿಟೇನರ್‌ಗೆ ಹಣ ಸುರಿಯುವುದು ಹೊಳಪಿಗಲ್ಲ. ಸ್ಪ್ರಿಂಗ್ ಕೂಡ ತನ್ನ ತೂಕವನ್ನು ತಾನೇ ಹೊರಬೇಕು. ಅದರ ಒಂದು ತುದಿ ನಿಂತಿದೆ, ಇನ್ನೊಂದು ಓಡುತ್ತಿದೆ. ನಡುವೆ ವೇಗ ಹಂತಹಂತವಾಗಿ ಹಂಚಿಕೊಂಡಿದೆ. ಕೂಡಿ ನೋಡಿದರೆ ಸ್ಪ್ರಿಂಗ್‌ನ ತೂಕದ ಮೂರನೇ ಒಂದು ಭಾಗ ಲೆಕ್ಕಕ್ಕೆ ಬರುತ್ತದೆ ಎಂಬುದು 19ನೇ ಶತಮಾನದಲ್ಲಿ ಶಬ್ದದ ಗಣಿತ ಬರೆದ ಲಾರ್ಡ್ ರೇಲೀ ಹಾದಿಯಲ್ಲಿ ಸಿಗುವ ಫಲಿತಾಂಶ. ದಪ್ಪ ಸ್ಪ್ರಿಂಗ್ ಹಾಕಿದಾಗ ಅದು ಕೊಡುವ ಬಲದ ಒಂದು ಪಾಲು ಅದನ್ನೇ ಅಲ್ಲಾಡಿಸಲು ಖರ್ಚಾಗುತ್ತದೆ.

ಸ್ಪ್ರಿಂಗ್ ಅಂದಮೇಲೆ ರಾಬರ್ಟ್ ಹುಕ್ ಬರದೆ ಹೇಗೆ! ಎಳೆತಕ್ಕೂ ಬಲಕ್ಕೂ ಇರುವ ನೇರ ಸಂಬಂಧವನ್ನು ಈತ 1676ರಲ್ಲಿ ಪ್ರಕಟಿಸಿದ್ದು ಒಗಟಾಗಿ, ವಾಕ್ಯದ ಅಕ್ಷರಗಳನ್ನೆಲ್ಲ ಬಿಡಿಸಿ ಅಕಾರಾದಿಯಲ್ಲಿ ಜೋಡಿಸಿಟ್ಟು. ಯಾರೂ ಕದಿಯಬಾರದು, ಆದರೆ ಮೊದಲು ಕಂಡವನು ತಾನೇ ಎಂದು ದಾಖಲಾಗಬೇಕು. ಎರಡು ವರ್ಷ ಬಿಟ್ಟು 1678ರಲ್ಲಿ ಬಿಡಿಸಿ ಹೇಳಿದ: ‘ಉಟ್ ಟೆನ್ಸಿಯೊ, ಸಿಕ್ ವಿಸ್’, ಎಳೆತ ಎಷ್ಟೋ ಬಲ ಅಷ್ಟು. ಒಂದು ಸ್ಪ್ರಿಂಗ್ ಒತ್ತಿದ ಪ್ರತಿ ಮಿ.ಮೀ.ಗೆ 3.2 ಕೆಜಿ ಎಂದು ಇಂದಿಗೂ ಹೇಳುವುದು ಈ ಒಗಟಿನ ಬಲದಿಂದಲೇ. ಸುರುಳಿ ಸ್ಪ್ರಿಂಗ್ ಒತ್ತಿದಾಗ ಅದರ ತಂತಿ ಬಾಗುತ್ತದೆ ಎಂದುಕೊಂಡಿದ್ದರೆ ಅದೂ ತಪ್ಪು. ತಂತಿ ತಿರುಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಅದರಿಂದಾಗಿ ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ: 4 ಮಿ.ಮೀ. ತಂತಿಯನ್ನು 4.2 ಮಾಡಿದರೆ ಬಿಗಿತ ಶೇಕಡಾ 21ಕ್ಕೂ ಹೆಚ್ಚು. ಹೊರಗಿನಿಂದ ನೋಡಿ ‘ಎರಡೂ ಒಂದೇ ಥರ ಇವೆ’ ಎನ್ನುವವರು ಕ್ಯಾಲಿಪರ್ ತೆಗೆಯಬೇಕು. ತಿರುಚುವಿಕೆಯ ಒತ್ತಡ ಹೆಚ್ಚಿರುವುದು ತಂತಿಯ ಮೇಲ್ಮೈಯಲ್ಲಿ, ಹಾಗಾಗಿ ಸ್ಕ್ರೂಡ್ರೈವರಿನ ಒಂದು ಗೀರು ಕೂಡ ಮುಂದೆ ಬಿರುಕಿನ ಬೀಜ. ಕಾರ್ಖಾನೆಗಳಲ್ಲಿ ಸ್ಪ್ರಿಂಗ್ ಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಸಿಡಿಸಿ ಮೇಲ್ಮೈಯನ್ನು ಒತ್ತಿ ಬಿಗಿ ಮಾಡುವ ‘ಶಾಟ್ ಪೀನಿಂಗ್’ ಇದೇ ಕಾರಣಕ್ಕೆ.

ಈಗ ನನ್ನ ಮೆಚ್ಚಿನ ವಿಷಯ, ಸರ್ಜ್: ಸ್ಪ್ರಿಂಗ್‌ನೊಳಗೆ ಓಡುವ ಅಲೆ.

ಸ್ಪ್ರಿಂಗ್‌ನ ಒಂದು ತುದಿ ಒತ್ತಿದರೆ ಇಡೀ ಸ್ಪ್ರಿಂಗ್ ಒಟ್ಟಿಗೆ ಕುಗ್ಗುತ್ತದೆ ಎಂದು ನಮ್ಮ ಭಾವನೆ. ಇಲ್ಲ. ಸುದ್ದಿ ಒಂದು ಸುತ್ತಿನಿಂದ ಇನ್ನೊಂದಕ್ಕೆ ಹೋಗಬೇಕು. ಉದ್ದನೆಯ ಗೂಡ್ಸ್ ರೈಲಿಗೆ ಎಂಜಿನ್ ತಾಗಿದಾಗ ‘ಟಕ ಟಕ ಟಕ’ ಎಂದು ಕೊಂಡಿಗಳ ಸದ್ದು ಕೊನೆಯ ಡಬ್ಬಿಯ ತನಕ ಓಡುತ್ತದಲ್ಲ, ಹಾಗೆ. ಅಥವಾ ಸಾಲಿನ ಹಿಂದೆ ಒಬ್ಬ ನೂಕಿದರೆ ಮುಂದಿನವನು ಸ್ವಲ್ಪ ತಡವಾಗಿ ಮುಗ್ಗರಿಸಿದ ಹಾಗೆ. ಅಲೆ ತಳ ಮುಟ್ಟಿ ಹಿಂದಿರುಗುತ್ತದೆ, ಮೇಲೆ ಮುಟ್ಟಿ ಮತ್ತೆ ಇಳಿಯುತ್ತದೆ. ಈ ಓಡಾಟಕ್ಕೆ ಸ್ಪ್ರಿಂಗ್‌ಗೆ ತನ್ನದೇ ಒಂದು ಲಯವಿದೆ; ಸೆಕೆಂಡಿಗೆ 400 ಸಲ ಎಂದಿಟ್ಟುಕೊಳ್ಳಿ. ಕ್ಯಾಮ್ ಬಡಿಯುವುದು ಸೆಕೆಂಡಿಗೆ 50 ಸಲ ತಾನೇ, ಎರಡಕ್ಕೂ ಏನು ಸಂಬಂಧ? ಜೋಕಾಲಿಯನ್ನು ಪ್ರತಿ ತೂಗಿಗೂ ತಳ್ಳಬೇಕೆಂದಿಲ್ಲ. ಎಂಟು ತೂಗಿಗೊಮ್ಮೆ ಸರಿಯಾದ ಹೊತ್ತಿಗೆ ತಳ್ಳಿದರೂ ಅದು ಏರುತ್ತದೆ. 50ರ ಎಂಟು ಪಟ್ಟು 400! 6000 ಆರ್‌ಪಿಎಂನಲ್ಲಿ ಈ ಸ್ಪ್ರಿಂಗ್‌ಗೆ ಪ್ರತಿ ತಳ್ಳೂ ತಾಳಕ್ಕೆ ಬೀಳುತ್ತದೆ. ಲೋಬಿನ ಆಕಾರ ಎಷ್ಟು ಒರಟೋ ತಳ್ಳು ಅಷ್ಟು ಚೂಪು. ನಡುವಿನ ಸುರುಳಿಗಳು ತಮ್ಮ ಪಾಡಿಗೆ ತಾವು ಕುಣಿಯತೊಡಗುತ್ತವೆ, ಎರಡೂ ತುದಿ ನಿಂತಂತೆ ಕಂಡರೂ ಒಳಗೆ ಜಾತ್ರೆ. ಅಲೆ ಹಿಗ್ಗಿದ ಗಳಿಗೆಯಲ್ಲೇ ವಾಲ್ವ್ ಮೂಗಿನ ಮೇಲಿದ್ದರೆ, ಟೆಸ್ಟರ್ ಮೇಲೆ 70 ಕೆಜಿ ತೋರಿಸಿದ ಸ್ಪ್ರಿಂಗ್ ಅಲ್ಲಿ ಅಷ್ಟನ್ನು ಕೊಡುವುದೇ ಇಲ್ಲ.

ಮದ್ದುಗಳೆಲ್ಲ ಈ ತಾಳ ಕೆಡಿಸುವ ಉಪಾಯಗಳೇ. ಜೋಡಿ ಸ್ಪ್ರಿಂಗ್‌ನಲ್ಲಿ ಒಳಗಿನದು ಹೊರಗಿನದಕ್ಕೆ ಉಜ್ಜಿ ಕುಣಿತ ತಗ್ಗಿಸುತ್ತದೆ. ಒಂದರ ಸುತ್ತು ಇನ್ನೊಂದರೊಳಗೆ ಸಿಕ್ಕಿಕೊಳ್ಳದಿರಲಿ ಎಂದು ಎರಡನ್ನೂ ವಿರುದ್ಧ ದಿಕ್ಕಿಗೆ ಸುತ್ತಿರುತ್ತಾರೆ. ಜೇನುಗೂಡಿನ ಆಕಾರದ ಬೀಹೈವ್ ಸ್ಪ್ರಿಂಗ್‌ನಲ್ಲಿ ಮೇಲಿನ ಸುತ್ತುಗಳು ಕಿರಿದು. ಎಲ್ಲ ಸುತ್ತಿಗೂ ಒಂದೇ ಲಯ ಇಲ್ಲದ್ದರಿಂದ ಅಲೆ ಬೆಳೆಯುವುದು ಕಷ್ಟ. ಮೇಲಾಗಿ ರಿಟೇನರ್ ಚಿಕ್ಕದಾಗಿ ತೂಕವೂ ಇಳಿಯುತ್ತದೆ. ನಾರ್ಟನ್ ಮ್ಯಾಂಕ್ಸ್‌ನಂಥ ಹಳೆಯ ರೇಸ್ ಬೈಕುಗಳು ಸುರುಳಿಯ ಸಹವಾಸವೇ ಬೇಡವೆಂದು ಹೇರ್‌ಪಿನ್ ಸ್ಪ್ರಿಂಗ್ ಹಾಕಿಕೊಂಡಿದ್ದವು.

ಸ್ಪ್ರಿಂಗನ್ನೇ ನಂಬದವರೂ ಇದ್ದರು. ವಾಲ್ವ್ ತೆರೆಯಲು ಒಂದು ಲೋಬ್, ಮುಚ್ಚಲು ಇನ್ನೊಂದು: ಇದು ಡೆಸ್ಮೊಡ್ರೊಮಿಕ್. ಮರ್ಸಿಡಿಸ್‌ನ ರೇಸ್ ಕಾರು ಡಬ್ಲ್ಯು196 ಈ ವ್ಯವಸ್ಥೆ ಹೊತ್ತು 1954 ಮತ್ತು 1955ರಲ್ಲಿ ಓಡಿತು, ಎರಡೂ ವರ್ಷ ಅದರ ಚಾಲಕ ಫಾಂಜಿಯೊ ವಿಶ್ವ ಚಾಂಪಿಯನ್. 1956ರಲ್ಲಿ ಎಂಜಿನಿಯರ್ ಫಾಬಿಯೊ ಟಾಲಿಯೋನಿ ಅದನ್ನು ಡುಕಾಟಿಯ 125 ಸಿಸಿ ರೇಸ್ ಬೈಕಿಗೆ ತಂದರು. ಫಾರ್ಮುಲಾ ಒನ್ ಬೇರೆ ದಾರಿ ಹಿಡಿಯಿತು. ರೆನೊ 1986ರಲ್ಲಿ ಲೋಹದ ಸುರುಳಿ ತೆಗೆದು ಒತ್ತಿದ ಅನಿಲವನ್ನೇ ಸ್ಪ್ರಿಂಗ್ ಮಾಡಿತು. ಅನಿಲಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲ, ಕುಣಿಯಲು ಸುರುಳಿಯಿಲ್ಲ. 2006ರ ವಿ8 ಎಂಜಿನ್‌ಗಳು 20,000 ಆರ್‌ಪಿಎಂ ಮುಟ್ಟಿದ್ದು ಅದರ ಮೇಲೆ.

ಹಾಗಾದರೆ ಸಿಗುವುದರಲ್ಲಿ ಎಲ್ಲಕ್ಕಿಂತ ಗಟ್ಟಿ ಸ್ಪ್ರಿಂಗ್ ಹಾಕಿಬಿಟ್ಟರೆ? ಲೋಬ್ ಮತ್ತು ಅದರ ತಳ್ಳನ್ನು ವಾಲ್ವ್‌ಗೆ ಮುಟ್ಟಿಸುವ ಟ್ಯಾಪೆಟ್ ನಡುವಿನ ಎಣ್ಣೆ ಪದರ ಹರಿದು ಲೋಬ್ ಸವೆಯುತ್ತದೆ. ಅದರಲ್ಲೂ ರೋಲರ್ ಇಲ್ಲದ ಚಪ್ಪಟೆ ಟ್ಯಾಪೆಟ್‌ಗಳಲ್ಲಿ, ಹೊಸ ಕ್ಯಾಮ್‌ನ ಮೊದಲ ಅರ್ಧ ಗಂಟೆಯಲ್ಲೇ ಗ್ರಹಚಾರ ಕೆಡಬಹುದು. ಜೋಡಿ ಸ್ಪ್ರಿಂಗ್ ಇದ್ದರೆ ಆ ಅವಧಿಗೆ ಒಳಗಿನದನ್ನು ತೆಗೆದಿಟ್ಟು ಓಡಿಸುವವರು ಅನುಭವಸ್ಥರು. ‘ಗಟ್ಟಿ ಸ್ಪ್ರಿಂಗ್ ಎಂಜಿನ್ ಶಕ್ತಿಯನ್ನೆಲ್ಲ ತಿನ್ನುತ್ತೆ’ ಎಂಬ ಮಾತನ್ನು ಮಾತ್ರ ಒಪ್ಪಬೇಡಿ. ಒತ್ತಲು ಕೊಟ್ಟ ಶಕ್ತಿಯ ಬಹುಪಾಲನ್ನು ಇಳಿಯುವಾಗ ಸ್ಪ್ರಿಂಗ್ ಲೋಬನ್ನೇ ಮುಂದಕ್ಕೆ ತಳ್ಳಿ ವಾಪಸು ಕೊಡುತ್ತದೆ. ಹೋಗುವುದು ಘರ್ಷಣೆಯ ಪಾಲು.

ಗೆಳೆಯನ ಎಂಜಿನ್ನಿಗೆ ಬರೋಣ. ವಾಲ್ವ್‌ಗಳಿರುವ ಮೇಲ್ಭಾಗ, ಹೆಡ್, ಬಿಚ್ಚಿ, ಒಂದು ಸ್ಪ್ರಿಂಗ್ ತೆಗೆದು, ರಿಟೇನರನ್ನು ಲಾಕ್ ಸಮೇತ ಕೈಯಿಂದ ಮೇಲಕ್ಕೆಳೆದು ಹಿಡಿದು ಸ್ಪ್ರಿಂಗ್ ಕೂರುವ ಎತ್ತರ ಅಳೆದೆವು. ಇರಬೇಕಾದದ್ದು 38 ಮಿ.ಮೀ., ಇದ್ದದ್ದು 39.2. ಹಿಂದೆ ಯಾವಾಗಲೋ ವಾಲ್ವ್ ಸೀಟ್ (ಮುಚ್ಚಿದಾಗ ವಾಲ್ವ್ ಕೂರುವ ಅಂಚು) ಉಜ್ಜಿದ್ದಾರೆ. ಸೀಟ್ ಉಜ್ಜಿದಷ್ಟೂ ವಾಲ್ವ್ ಹೆಡ್ಡಿನೊಳಗೆ ಹುಗಿದು ಅದರ ಬಾಲ ಮೇಲೇಳುತ್ತದೆ, ಸ್ಪ್ರಿಂಗ್ ಸಡಿಲಾಗುತ್ತದೆ. ಮಿ.ಮೀ.ಗೆ 3.2 ಕೆಜಿಯಂತೆ, ಮುಚ್ಚಿದಾಗ 26 ಇರಬೇಕಾದ ಬಲ 22ಕ್ಕೆ ಇಳಿದಿತ್ತು. 10.5 ಮಿ.ಮೀ. ತೆರೆದಾಗ ಸುಮಾರು 55.6. ನನ್ನ ಅಂದಾಜಿನ ಸೂತ್ರದಲ್ಲಿ ಅದೇ ಲಿಫ್ಟ್‌ಗೆ 6200ರಲ್ಲಿ ಬೇಕಾದದ್ದು 56. ತೊದಲು ಅಲ್ಲಿಂದಲೇ ಶುರುವಾಗಿತ್ತು.

‘ಕೆಳಗೆ 1.2 ಮಿ.ಮೀ. ದಪ್ಪದ ಬಿಲ್ಲೆ, ಶಿಮ್, ಹಾಕಿದರಾಯ್ತಲ್ಲ?’ ಎಂದ. ಸ್ಪ್ರಿಂಗನ್ನು ವೈಸ್‌ನಲ್ಲಿ, ದವಡೆಗಳಿಗೆ ಮೆದು ಅಲ್ಯೂಮಿನಿಯಂ ಹೊದಿಸಿ, ಒಂದು ಸುತ್ತು ಇನ್ನೊಂದಕ್ಕೆ ತಾಗುವ ತನಕ ಒತ್ತಿ ತೋರಿಸಿದೆ: 27 ಮಿ.ಮೀ. ಶಿಮ್ ಹಾಕಿ 38ಕ್ಕೆ ತಂದು ಹೊಸ ಕ್ಯಾಮ್ 10.5 ಒತ್ತಿದರೆ ಉಳಿಯುವುದು 27.5. ಅರ್ಧ ಮಿ.ಮೀ. ಅಂತರ, ನಾನು ಒಂದೂವರೆಗಿಂತ ಕಡಿಮೆಗೆ ಒಪ್ಪುವವನಲ್ಲ. ಸುತ್ತುಗಳು ಒಂದಕ್ಕೊಂದು ತಾಗಿ ಕಾಯಿಲ್ ಬೈಂಡ್ ಆದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಕೊಳವೆ, ಆಮೇಲೆ ಲೋಬೋ ರಾಕರೋ ಯಾವುದೋ ಒಂದು ಮುರಿಯಲೇಬೇಕು.

ಕೊನೆಗೆ ಹಾಕಿದ್ದು ಬೀಹೈವ್. 38ರಲ್ಲಿ 32 ಕೆಜಿ, ಮೂಗಿನ ಮೇಲೆ 74, ಬೈಂಡ್‌ಗೆ 2 ಮಿ.ಮೀ. ಅಂತರ. ಹಗುರ ರಿಟೇನರ್‌ನಿಂದ 10 ಗ್ರಾಂ ಉಳಿತಾಯ. ರಿಟೇನರ್ ಕೆಳಗಿಳಿದಾಗ ಆಯಿಲ್ ಸೀಲಿಗೆ ತಾಗುವುದೇ ಎಂಬುದನ್ನೂ, ಪಿಸ್ಟನ್ ಮತ್ತು ವಾಲ್ವ್ ನಡುವಿನ ಜಾಗವನ್ನೂ ನೋಡಿ ಮುಚ್ಚಿದೆವು. ಡೈನೊದ ಗೆರೆ 7000ದ ತನಕ ಒಂದು ಹಲ್ಲೂ ಇಲ್ಲದೆ ಹೋಯಿತು. ತೆಗೆದ ಹಳೆಯ ಪ್ಲಗ್, ಕಾಯಿಲ್, ಪಂಪ್ ಎಲ್ಲ ಅವನ ಗ್ಯಾರೇಜಿನ ಒಂದು ಡಬ್ಬಿಯಲ್ಲಿವೆ, ಎಲ್ಲವೂ ಸುಸ್ಥಿತಿಯಲ್ಲಿ.