ಒಂದು ಕಣ್ಣು ಮುಚ್ಚಿ ನೋಡಿದಿರಾ?

2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೊನಾವನ್ನು ಜಾಗತಿಕ ಪಿಡುಗು ಎಂದು ಘೋಷಿಸಿದಾಗ ಕಣ್ಣಿನ ಡಾಕ್ಟರುಗಳಿಗೆ ಪೇಚಾಟಕ್ಕಿಟ್ಟುಕೊಂಡಿತು. ನಮ್ಮ ಪರೀಕ್ಷೆಯೇ ಹಾಗೆ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಎಂಬ ಉಪಕರಣದ ಆಚೆ ರೋಗಿಯ ಮುಖ, ಈಚೆ ನಮ್ಮ ಮುಖ, ನಡುವೆ ಒಂದೆರಡು ಗೇಣು ಜಾಗ. ಹಾಗಾಗಿ ತುರ್ತಿಲ್ಲದವರನ್ನೆಲ್ಲ ವಿಡಿಯೊ ಕಾಲ್‌ನಲ್ಲಿ ನೋಡತೊಡಗಿದೆವು. ರೆಪ್ಪೆಯ ಗುಳ್ಳೆ, ಅಲರ್ಜಿಯ ತುರಿಕೆ, ಆಪರೇಷನ್ ಆದವರ ಡ್ರಾಪ್ಸ್ ಲೆಕ್ಕ ಎಲ್ಲ ಸಲೀಸಾಗಿ ನಡೆಯಿತು.

ಆದರೆ ಒಂದು ವಿಷಯ ಹೇಳಿ ಹೇಳಿ ನನಗೆ ಸಾಕಾಗಿದೆ. ರೆಪ್ಪೆ ಎಳೆದು ಹಿಡಿದು ತೆಗೆದ ಫೋಟೊ ಬರುತ್ತದೆ. ಜೊತೆಗೆ, 'ಕೆಂಪಗಾಗಿದೆ, ಯಾವ ಡ್ರಾಪ್ಸ್ ಹಾಕಲಿ?' ಕಾಣೋದು ಹೇಗಿದೆ ಎಂದು ಕೇಳಿದರೆ, 'ಚೆನ್ನಾಗೇ ಕಾಣುತ್ತೆ ಡಾಕ್ಟ್ರೇ.' ಒಂದೊಂದೇ ಕಣ್ಣು ಮುಚ್ಚಿ ನೋಡಿದಿರಾ? ಆ ಕಡೆ ಸದ್ದಿಲ್ಲ.

ಎರಡೂ ಕಣ್ಣು ತೆರೆದಿದ್ದಾಗ ಒಂದರ ದೃಷ್ಟಿ ಮಂಕಾದರೂ ಇನ್ನೊಂದು ಸುಮ್ನೆ ಅದರ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಟಿವಿ ಕಾಣುತ್ತದೆ, ಪೇಪರ್ ಓದಲಾಗುತ್ತದೆ. ತೊಂದರೆ ಗೊತ್ತೇ ಆಗುವುದಿಲ್ಲ. ಕೆಂಪು ಎಲ್ಲರಿಗೂ ಕಾಣುತ್ತದೆ. ಕುಂದಿದ ದೃಷ್ಟಿಯನ್ನು ಹುಡುಕಿ ನೋಡಬೇಕು, ಅದೂ ನೀವೇ.

ಒಬ್ಬ ಹಿರಿಯರು ಕಣ್ಣುರಿ ಅಂತ ವಿಡಿಯೊಗೆ ಬಂದಿದ್ದರು. ಗೋಡೆಯ ಕ್ಯಾಲೆಂಡರ್ ಓದಿ ಅಂದೆ. ಬಲಗಣ್ಣು ಮುಚ್ಚಿದ ಹಾಗೆ ಮಾಡಿ ಪಟಪಟ ಓದಿದರು. ನೋಡಿದರೆ ಬೆರಳ ಸಂದಿಯಿಂದ ಇಣುಕುತ್ತಿದ್ದಾರೆ! ಪಕ್ಕದಲ್ಲಿದ್ದ ಹೆಂಡತಿ ತಮ್ಮ ಅಂಗೈ ಅಡ್ಡ ಹಿಡಿದರು. ಹಿರಿಯರ ಮುಖವೇ ಬದಲಾಯಿತು. 'ಕೆಳಗಡೆ ಏನೂ ಇಲ್ವಲ್ಲ, ಕಪ್ಪಗಿದೆ' ಅಂದರು. ಕೂಡಲೇ ಬರಹೇಳಿದೆ. ಎಡಗಣ್ಣಿನ ರೆಟಿನಾ, ಅಂದರೆ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪದರ, ಕಳಚಿತ್ತು. ಮಿಂಚು ಹೊಡೆದ ಹಾಗೆ ಆಗಿ ಎರಡು ವಾರವಾಗಿತ್ತಂತೆ, ಕೊರೊನಾ ಭಯಕ್ಕೆ ಯಾರಿಗೂ ಹೇಳಿರಲಿಲ್ಲ. ಆಪರೇಷನ್ ಆಯಿತು. ಸ್ವಲ್ಪ ದೃಷ್ಟಿ ಬಂತು, ಪೂರ್ತಿ ಬರಲಿಲ್ಲ. ಮೊದಲ ದಿನವೇ ಬಂದಿದ್ದರೆ ಎಂದು ಈಗಲೂ ಅನಿಸುತ್ತದೆ.

ಮಾಡುವುದು ಹೀಗೆ. ದೂರದ ಕನ್ನಡಕ ಇದ್ದರೆ ಹಾಕಿಕೊಳ್ಳಿ. ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿ ಒಂದು ಕಣ್ಣನ್ನು ಮುಚ್ಚಿ. ಒತ್ತಬೇಡಿ, ಒತ್ತಿದರೆ ಆ ಕಣ್ಣು ಸ್ವಲ್ಪ ಹೊತ್ತು ಮಂಜಾಗುತ್ತದೆ. ಅದೇ ಅಕ್ಷರ, ಅದೇ ದೂರ, ಎರಡು ಕಣ್ಣಿಗೂ ಬೇರೆ ಬೇರೆಯಾಗಿ. ಬಾಗಿಲ ಚೌಕಟ್ಟನ್ನೂ ನೋಡಿ. ನೇರ ಗೆರೆ ಡೊಂಕಾಗಿ ಕಂಡರೆ ಅದೂ ದೊಡ್ಡ ಸುದ್ದಿಯೇ. ಕಾಲ್ ಮಾಡಿದಾಗ ಫೋಟೊಗಿಂತ ಮೊದಲು ಇದನ್ನು ಹೇಳಿ.

ಎರಡೂ ಕಣ್ಣಿಗೆ ಅಕ್ಷರ ಸರಿಯಾಗಿ ಕಂಡರೆ ಎಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಸಾಮಾನ್ಯವಾಗಿ ಅಂಚಿನ ನೋಟವನ್ನು ಮೊದಲು ತಿನ್ನುತ್ತದೆ, ಅಕ್ಷರ ಕೊನೆಯವರೆಗೂ ಕಾಣಬಹುದು. ಕಣ್ಣಿನೊಳಗಿನ ಒತ್ತಡ, ರೆಟಿನಾದ ಅಂಚು ಇವು ಮಾಮೂಲಿ ವಿಡಿಯೊ ಕಾಲ್‌ನಲ್ಲಿ ಸಿಗುವುದಿಲ್ಲ. ದೃಷ್ಟಿ ದಿಢೀರನೆ ಹೋದರೆ, ಪರದೆ ಇಳಿದ ಹಾಗಾದರೆ, ಹೊಸದಾಗಿ ಕಪ್ಪು ಚುಕ್ಕೆ ಜಾಸ್ತಿಯಾದರೆ, ಕಣ್ಣುನೋವಿನ ಜೊತೆ ವಾಂತಿ ಬಂದರೆ ಫೋನು ಕೆಳಗಿಡಿ, ಕೂಡಲೇ ಆಸ್ಪತ್ರೆಗೆ ಹೊರಡಿ. ಸ್ಯಾನಿಟೈಸರ್ ಕಣ್ಣಿಗೆ ಸಿಡಿದಿದ್ದರೆ ಮೊದಲು ನಲ್ಲಿ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು ಬನ್ನಿ.

ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಮಾತ್ರ ಮುಟ್ಟಬೇಡಿ. ಅದರಲ್ಲಿ ಕೆಂಪು, ಊತ ತಗ್ಗಿಸುವ ಸ್ಟೀರಾಯ್ಡ್ ಇದ್ದು, ನಿಮ್ಮ ಕಣ್ಣಲ್ಲಿರುವುದು ಹರ್ಪಿಸ್ ವೈರಸ್ಸಿನ ಹುಣ್ಣಾಗಿದ್ದರೆ, ಕೆಂಪು ಇಳಿಯುತ್ತಾ ಬಂದರೂ ಒಳಗೆ ಹುಣ್ಣು ಹರಡುತ್ತಿರುತ್ತದೆ.